ಹಳದಿಗೆ ಎರಡು ಹನಿ

ಫೆಬ್ರವರಿ ೯

ಅಪ್ಪ,

ಐದು ತಿಂಗಳಿಂದ ಒಂದು ಸಾಲು ಬರೆಯದವಳು ಈಗ ಬರೆದಿದ್ದಾಳೆ ಎಂದರೆ ಏನೋ ಕೆಲಸ ಬಿದ್ದಿರಬೇಕು ಎಂದು ನೀನು ಅಮ್ಮನಿಗೆ ಹೇಳಿರುತ್ತೀಯ. ಹೌದು, ಕೆಲಸವೇ. ನಾಚಿಕೆ ಬಿಟ್ಟು ಕೇಳುತ್ತೇನೆ: ನನಗೆ ಬಣ್ಣ ಬೇಕು.

ನಗಬೇಡ. ‘ಬೋರ್ಡು ಬರೆಯೋನ ಮಗಳಾಗಿ ಹುಟ್ಟಿ, ಕುಂಚ ಬಿಸಾಕಿ ಹುಳದ ಹಿಂದೆ ಹೋದಳು’ ಎಂದು ನೀನು ಬೀದಿಯವರಿಗೆಲ್ಲ ನನ್ನ ಪರಿಚಯ ಮಾಡಿಕೊಡುತ್ತೀಯಲ್ಲ, ಆ ಹುಳಗಳೇ ಈಗ ನನ್ನ ಕೈಗೆ ಕುಂಚ ಕೊಟ್ಟಿವೆ.

ನನ್ನ ಕೋಣೆಯಲ್ಲಿ ಗಾಜಿನ ಗೋಡೆಯ ಒಂದು ಜೇನುಗೂಡು ಇದೆ. ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಹೊಡೆದು, ಮಂದವಾದ ಕೆಂಪು ದೀಪ ಹಾಕಿಕೊಂಡು ದಿನಕ್ಕೆ ಆರು ಗಂಟೆ ಅದರ ಮುಂದೆ ಕೂರುತ್ತೇನೆ. ಜೇನಿಗೆ ಕೆಂಪು ಕಾಣುವುದಿಲ್ಲ, ಹಾಗಾಗಿ ಅದರ ಲೆಕ್ಕದಲ್ಲಿ ಅಲ್ಲಿ ಕಗ್ಗತ್ತಲು. ಗೋಡೆಯಲ್ಲಿರುವ ಕೊಳವೆಯಿಂದ ಹೊರಗೆ ಹೋದ ಹುಳಕ್ಕೆ ಎಲ್ಲಾದರೂ ಸಿಹಿ ಸಿಕ್ಕಿದರೆ ಅದು ವಾಪಸು ಬಂದು ಕುಣಿಯುತ್ತದೆ. ಎಷ್ಟು ದೂರ, ಯಾವ ದಿಕ್ಕು ಎನ್ನುವುದೆಲ್ಲ ಆ ಕುಣಿತದಲ್ಲೇ ಇರುತ್ತದೆ. ಉಳಿದವು ಅದರ ಬೆನ್ನು ಹತ್ತಿ, ಮೀಸೆ ತಾಗಿಸಿಕೊಂಡು, ಸುದ್ದಿ ತಿಳಿದು ಹಾರಿಹೋಗುತ್ತವೆ. ಒಂದೇ ಹೊತ್ತಿಗೆ ಹತ್ತು ಹುಳ ಕುಣಿಯುತ್ತಿದ್ದರೆ ಯಾವುದನ್ನು ನಂಬುವುದು? ಸಾಸಿವೆ ಕಾಳಿಗಿಂತ ಚಿಕ್ಕ ಮಿದುಳು ಅದನ್ನು ಹೇಗೆ ತೀರ್ಮಾನ ಮಾಡುತ್ತದೆ? ಮೂರು ವರ್ಷದಿಂದ ನನ್ನ ತಲೆ ತಿನ್ನುತ್ತಿರುವ ಪ್ರಶ್ನೆ ಇದು.

ಯಾರು ಯಾರೆಂದು ಗುರುತು ಸಿಗಬೇಕಾದರೆ ಹುಳದ ಬೆನ್ನಿಗೆ ಒಂದು ಚುಕ್ಕೆ ಇಡಬೇಕು. ಅಂಗಡಿಯ ಬಣ್ಣ ಮೂರನೆಯ ದಿನಕ್ಕೆ ಸಿಪ್ಪೆ ಏಳುತ್ತದೆ. ಅಕ್ಕತಂಗಿಯರೆಲ್ಲ ಸೇರಿ ಒಬ್ಬರ ಮೈ ಒಬ್ಬರು ಉಜ್ಜಿ ನನ್ನ ಶ್ರಮವನ್ನು ನೆಲಕ್ಕೆ ಉದುರಿಸುತ್ತಾರೆ. ನುಣುಪು ತಗಡಿನ ಮೇಲೆ ಹತ್ತು ವರ್ಷ ನಿಲ್ಲುವ ಬಣ್ಣ ಕಲಸುವವನು ನನಗೆ ಗೊತ್ತಿರುವುದು ಒಬ್ಬನೇ. ನೀಲಿ ಒಂದು ಡಬ್ಬಿ, ಹಳದಿ ಒಂದು ಡಬ್ಬಿ ಸಾಕು. ಬೇಗ ಒಣಗಬೇಕು, ಹುಳಕ್ಕೆ ಕೆಡುಕಾಗಬಾರದು.

ಫೋನು ಮಾಡೋಣವೆಂದರೆ ನಿನ್ನ ಕಿವಿಗೂ ಫೋನಿಗೂ ಎಣ್ಣೆ ಸೀಗೆಕಾಯಿ. ಅದಕ್ಕೇ ಈ ಪತ್ರ. ಬೇಗ ಉತ್ತರ ಬರೆ.

ನಿನ್ನ
ಕಡ್ಡಿ


ಫೆಬ್ರವರಿ ೧೭

ಕಡ್ಡಿ,

ನಿನ್ನ ಪತ್ರವನ್ನು ಅಮ್ಮನಿಗೆ ಕೊಡುವ ಮೊದಲು ನಾನೇ ಎರಡು ಸಲ ಓದಿದೆ. ‘ನಾಚಿಕೆ ಬಿಟ್ಟು’ ಎನ್ನುವ ಸಾಲನ್ನು ಮೂರು ಸಲ ಓದಿದೆ. ಅಪ್ಪನ ಹತ್ತಿರ ಬಣ್ಣ ಕೇಳಲು ನಾಚಿಕೆ ಏಕೆ ಬೇಕಿತ್ತೋ. ಬೀದಿಯವರಿಗೆ ನಾನು ಹೇಳುವುದು ನಿನ್ನ ಕಿವಿಗೆ ಹೇಗೆ ಬಿತ್ತು ಎಂದು ಅಮ್ಮನನ್ನು ಕೇಳಿದರೆ ಅವಳು ಸೀಮೆಸುಣ್ಣ ಹುಡುಕಲು ಎದ್ದುಹೋದಳು.

ನಲವತ್ತೊಂದು ವರ್ಷದಲ್ಲಿ ಮರ, ತಗಡು, ಗಾಜು, ಲಾರಿಯ ಹಿಂಭಾಗ, ಒಂದು ಸಲ ದೋಣಿಯ ಹೊಟ್ಟೆ, ಎಲ್ಲದರ ಮೇಲೂ ಬರೆದಿದ್ದೇನೆ. ಕಚ್ಚುವ ಬೋರ್ಡು ಇದೇ ಮೊದಲು.

ಕಿಟಕಿಯ ಮೂಲೆಯಲ್ಲಿ ಸತ್ತು ಬಿದ್ದಿದ್ದ ಒಂದು ಜೀರುಂಡೆ ಸಿಕ್ಕಿತು. ಅದರ ಬೆನ್ನಿಗೆ ಏಳು ಥರ ಬಣ್ಣ ಹಚ್ಚಿ, ನೀರಲ್ಲಿ ನೆನೆಸಿ, ಉಗುರಲ್ಲಿ ಕೆರೆದು ನೋಡಿದೆ. ಅಮ್ಮ ಬೋರ್ಡಿಗೆ ಗೆರೆ ಹಾಕಿಟ್ಟು ಎರಡು ದಿನ ಕಾದಳು. ಮೂರನೆಯ ದಿನ ಬಾಯಿ ತೆರೆದಳು. “ಸತ್ತ ಹುಳಕ್ಕೆ ಸಿಂಗಾರ ಮಾಡ್ತಾ ಕೂತಿದೀರಲ್ಲ, ಆ ಕನ್ನಡಕದ ಅಂಗಡಿಯೋನು ಬಂದು ಬೋರ್ಡು ಕೇಳಿದ್ರೆ ನಾನೇನು ಹೇಳ್ಲಿ?” ಅಂದಳು. ಕನ್ನಡಕದ ಅಂಗಡಿಯವನಿಗೇ ಕಾಣದಷ್ಟು ಸಣ್ಣ ಕೆಲಸ ಮಾಡುತ್ತಿದ್ದೇನೆ ಎಂದು ಹೇಳು ಎಂದೆ.

ಎರಡೂ ಡಬ್ಬಿ ಕಳುಹಿಸಿದ್ದೇನೆ. ಹಳದಿಯನ್ನು ಹೆಚ್ಚು ಮುತುವರ್ಜಿಯಿಂದ ಕಲಸಿದ್ದೇನೆ. ಹಳದಿ ಅಂಚು ಕಟ್ಟುವ ಬಣ್ಣ, ಅದು ಕೆಟ್ಟರೆ ಇಡೀ ಬೋರ್ಡು ಕೆಟ್ಟ ಹಾಗೆ. ಜೊತೆಗೆ ನಾಲ್ಕೇ ಕೂದಲಿನ ಒಂದು ಕುಂಚ ಇದೆ. ಉಸಿರು ಬಿಡುವಾಗ ಚುಕ್ಕೆ ಇಡು, ಎಳೆದುಕೊಳ್ಳುವಾಗ ಬೇಡ. ಇದನ್ನು ನಿನಗೆ ಹಿಂದೆಯೇ ಹೇಳಿಕೊಟ್ಟಿದ್ದೇನೆ, ಆದರೂ ಹೇಳುತ್ತಿದ್ದೇನೆ.

ನಿನ್ನ
ಅಪ್ಪ


ಮಾರ್ಚ್ ೧೪

ಅಪ್ಪ,

ತಿಂಗಳಾಗುತ್ತ ಬಂತು, ಒಂದು ಚುಕ್ಕೆ ಅಲುಗಿಲ್ಲ! ಹುಳ ಸತ್ತರೂ ಚುಕ್ಕೆ ಸಾಯುವುದಿಲ್ಲ. ಹಳದಿ ಒಣಗಲು ಮಾತ್ರ ನೀಲಿಯ ಮೂರರಷ್ಟು ಹೊತ್ತು ಹಿಡಿಯುತ್ತದೆ. ಅಲ್ಲಿಯವರೆಗೆ ಹುಳವನ್ನು ಬಲೆಯ ಮುಚ್ಚಳದ ಕೆಳಗೆ ಹಿಡಿದುಕೊಂಡು ‘ಇನ್ನೊಂದು ನಿಮಿಷ ಕಣಮ್ಮ’ ಎಂದು ರಮಿಸುತ್ತ ಕೂರುತ್ತೇನೆ.

ಈಗ ಕೂತುಕೊಂಡು ಓದು. ಎರಡು ವಾರದಿಂದ ಹೊರಗೆ ದುಡಿಯುತ್ತಿರುವ ಅನುಭವಸ್ಥ ಹುಳಗಳಿಗೆ ಹಳದಿ ಚುಕ್ಕೆ ಇಟ್ಟೆ. ನಿನ್ನೆ ಮೊನ್ನೆ ಹೊರಗೆ ಹೊರಟ ಹೊಸಬರಿಗೆ ನೀಲಿ. ಒಂದು ನೀಲಿ ಕುಣಿದರೆ ಅದರ ಬೆನ್ನು ಹತ್ತುವವರು ಇಬ್ಬರು. ಅದೇ ಜಾಗದ ಸುದ್ದಿ ತಂದು ಹಳದಿ ಕುಣಿದರೆ ಏಳು ಮಂದಿ! ದಿನಾ ಎಣಿಸಿದ್ದೇನೆ, ದಿನಾ ಹಾಗೆಯೇ. ಅಂದರೆ ಆ ಕತ್ತಲಲ್ಲಿ, ಆ ನೂಕುನುಗ್ಗಲಲ್ಲಿ, ಯಾರು ಪಳಗಿದವರು ಯಾರು ಎಳಸು ಎಂದು ಅವಕ್ಕೆ ಗೊತ್ತಾಗುತ್ತಿದೆ.

ಪಕ್ಕದ ಮೇಜಿನಲ್ಲಿ ಮಿಡತೆಗಳ ಮೇಲೆ ಕೆಲಸ ಮಾಡುವವರೊಬ್ಬರಿದ್ದಾರೆ, ಎಲ್ಲರೂ ಅವರನ್ನು ಮಿಡತೆ ಮಾಸ್ತರು ಅನ್ನುತ್ತೇವೆ. “ಬಣ್ಣ ಅದಲು ಬದಲು ಮಾಡಿ ನೋಡಿದ್ರಾ?” ಎಂದು ಕೇಳಿದರು. “ಕತ್ತಲಲ್ಲಿ ಹಳದಿಯಾದ್ರೇನು, ನೀಲಿಯಾದ್ರೇನು ಸರ್, ಅವಕ್ಕೆ ಕಾಣಲ್ವಲ್ಲ” ಎಂದೆ. ಅವರು ತಮ್ಮ ಮಿಡತೆಗಳ ಕಡೆಗೆ ತಿರುಗಿದರು.

ನಮ್ಮ ಮುಖ್ಯಸ್ಥೆ, ಮೇಡಂ, ಮಾತು ಕಡಿಮೆ. ಮೊನ್ನೆ ಬೆಳಿಗ್ಗೆ ನಾನು ಚುಕ್ಕೆ ಇಡುತ್ತಿದ್ದಾಗ ಒಳಗೆ ಬಂದವರೇ “ಏನಮ್ಮ, ಹಲ್ಲಿನ ಡಾಕ್ಟರ ಹತ್ರ ಹೋಗಿ ಬಂದ್ಯಾ?” ಎಂದರು. ಇಲ್ಲ ಎಂದೆ. ಎಣಿಕೆಯ ಹಾಳೆ ನೋಡಿದರು, ಇನ್ನೊಂದು ಸಲ ನೋಡಿದರು, “ಸಮಿತಿ ಮುಂದೆ ಇದನ್ನೇ ಇಡು” ಎಂದು ಹೊರಟುಹೋದರು. ಅವರ ಬಾಯಿಂದ ಇಷ್ಟು ಬಂದರೆ ಹೊಗಳಿಕೆ ಎಂದು ಅರ್ಥ.

ಆ ಸಮಿತಿಯ ವಿಷಯ ನಿನಗೆ ಹೇಳಿರಲಿಲ್ಲ. ನನ್ನ ಹುದ್ದೆ ಜೂನ್ ಕೊನೆಗೆ ಮುಗಿಯುತ್ತದೆ. ಜೂನ್ ೨೦ಕ್ಕೆ ಐದು ಮಂದಿ ಹಿರಿಯರು ಕೂತು ನನ್ನ ಕೆಲಸ ನೋಡುತ್ತಾರೆ. ಒಪ್ಪಿದರೆ ಇನ್ನೂ ಮೂರು ವರ್ಷ ಈ ಗೂಡು ನನ್ನದು. ಒಪ್ಪದಿದ್ದರೆ ಗೂಡು ಇನ್ನೊಬ್ಬರ ಪಾಲು, ನಾನು ಪೆಟ್ಟಿಗೆ ಕಟ್ಟಬೇಕು. ಮೂರು ವರ್ಷದಲ್ಲಿ ಮೊದಲ ಸಲ ನನಗೆ ಭಯವಿಲ್ಲ.

ನಿನ್ನ
ಕಡ್ಡಿ


ಮಾರ್ಚ್ ೨೫

ಕಡ್ಡಿ,

ಏಳು ಮಂದಿ! ಕನ್ನಡಕದ ಅಂಗಡಿಯವನಿಗೆ ಹೇಳಿದೆ, ಬೀಗದ ಅಂಗಡಿಯವನಿಗೆ ಹೇಳಿದೆ, ಕ್ಷೌರಿಕನಿಗೆ ಅರ್ಧ ಮುಖದ ನೊರೆಯಲ್ಲೇ ಹೇಳಿದೆ. ಅವನು “ಅನುಭವಸ್ಥರ ಹಿಂದೆ ಹೋಗ್ತವೆ ಅಂತ ಕಂಡುಹಿಡಿಯೋಕೆ ಮೂರು ವರ್ಷ ಬೇಕಾಯ್ತಾ? ಪಕ್ಕದ ಬೀದಿಯ ಹೊಸ ಸಲೂನಿಗೆ ಹೋಗಿ ಕಿವಿ ಕೊಯ್ಸಿಕೊಂಡು ಬಂದೋರನ್ನ ಕೇಳಿದ್ರೆ ಅರ್ಧ ಗಂಟೇಲಿ ಹೇಳ್ತಿದ್ರು” ಎಂದ. ಅವನಿಗೇನು ಗೊತ್ತು ವಿಜ್ಞಾನ.

ನಿನಗೆ ಭಯವಿಲ್ಲ ಎಂದು ಬರೆದಿದ್ದೀಯ. ಸಮಿತಿಯ ಸುದ್ದಿ ಮುಚ್ಚಿಟ್ಟಿದ್ದೆ ಎಂದರೆ ಇಷ್ಟು ದಿನ ಭಯ ಇತ್ತು ಎಂದಾಯಿತು. ಒಬ್ಬಳೇ ಇಟ್ಟುಕೊಂಡಿದ್ದೆಯಲ್ಲ, ಅದರಿಂದ ನನಗೆ ಬೇಸರವಾಯಿತು. ಇನ್ನು ಮೇಲೆ ಹಾಗೆ ಮಾಡಬೇಡ.

ಈ ಪತ್ರದ ಕೆಳಗೆ ಅಮ್ಮನಿಗೂ ಜಾಗ ಬೇಕಂತೆ.

ನಿನ್ನ
ಅಪ್ಪ

ಕಡ್ಡಿ, ನಿನ್ನಪ್ಪ ಬರೆಯದೆ ಬಿಟ್ಟದ್ದು: ಸತ್ತ ಜೀರುಂಡೆಯನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ಗಿರಾಕಿಗಳಿಗೆ ತೋರಿಸುತ್ತಿದ್ದಾರೆ. ನನಗೆ ದವಡೆ ಹಲ್ಲು ನೋವು ಹತ್ತಿದೆ. ಡಾಕ್ಟರ ಹತ್ತಿರ ಹೋಗಲು ಧೈರ್ಯ ಸಾಲದೆ ನಿನ್ನಪ್ಪನ ಕಪಾಟಿನಲ್ಲಿದ್ದ ಲವಂಗದ ಎಣ್ಣೆಗೆ ದಿನಾ ಕೈ ಹಾಕುತ್ತಿದ್ದೇನೆ. ಸರಿಯಾಗಿ ಊಟ ಮಾಡು. — ಅಮ್ಮ


ಏಪ್ರಿಲ್ ೨೧

ಅಪ್ಪ,

ಗಡಿಬಿಡಿಯಲ್ಲಿ ನಾಲ್ಕು ಸಾಲು. ಹಳದಿ ಡಬ್ಬಿಯ ತಳ ಕಾಣುತ್ತಿದೆ. ಸಮಿತಿಗೆ ಮುಂಚೆ ಇನ್ನೊಂದು ಇನ್ನೂರು ಹುಳ ಗುರುತು ಮಾಡಬೇಕು. ಮೊದಲಿನದರಂತೆಯೇ ಒಂದು ಡಬ್ಬಿ ಕಳುಹಿಸು. ಅಮ್ಮನ ಹಲ್ಲು ಹೇಗಿದೆ? ಎಣ್ಣೆ ಹಚ್ಚಿಕೊಂಡು ಕಾಲ ಹಾಕಬೇಡ, ಹೋಗಿ ತೋರಿಸು ಎಂದು ಹೇಳು. ಅವಳ ಹಟ ನನಗೆ ಬಂದಿದೆ, ಹಾಗಾಗಿ ಹೇಳುವ ಹಕ್ಕಿದೆ.

ನಿನ್ನ
ಕಡ್ಡಿ


ಏಪ್ರಿಲ್ ೨೯

ಕಡ್ಡಿ,

ಹಳದಿ ಹೊರಟಿದೆ. ಅಮ್ಮನ ಹಲ್ಲನ್ನು ಸೋಮವಾರ ಕಿತ್ತರು. ಬಾಯಲ್ಲಿ ಹತ್ತಿ ಇಟ್ಟುಕೊಂಡು ಇಡೀ ದಿನ ಮಾತಾಡಲಿಲ್ಲ. ಮನೆ ಎಷ್ಟು ಶಾಂತವಾಗಿತ್ತೆಂದರೆ ನನ್ನ ಕಿವಿ ಪೂರ್ತಿ ಹೋಯಿತೇನೋ ಎಂದು ಗಾಬರಿಯಾಯಿತು.

ನಿನ್ನ
ಅಪ್ಪ


ಮೇ ೧೫

ಅಪ್ಪ,

ಇನ್ನು ಮೇಲೆ ಒಬ್ಬಳೇ ಇಟ್ಟುಕೊಳ್ಳಬೇಡ ಎಂದಿದ್ದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲ ನೀರಲ್ಲಿ ಹೋಮವಾಯಿತು.

ಹತ್ತು ದಿನದಿಂದ ಹಳದಿಯವರ ಹಿಂದೆ ಯಾರೂ ಹೋಗುತ್ತಿಲ್ಲ. ಅದೇ ಗೂಡು, ಅದೇ ಕುಣಿತ, ಅದೇ ಅನುಭವಸ್ಥರು. ಇಬ್ಬರು ಬರುತ್ತಾರೆ, ಕೆಲವು ಸಲ ಒಬ್ಬರು. ಮೊದಲ ದಿನ ನನ್ನ ಎಣಿಕೆ ತಪ್ಪಿರಬೇಕು ಎಂದುಕೊಂಡೆ. ಎರಡನೆಯ ದಿನ ಕ್ಯಾಮೆರಾ ಇಟ್ಟು ಎಣಿಸಿದೆ. ನಾಲ್ಕನೆಯ ದಿನ ಊಟ ಸೇರಲಿಲ್ಲ. ಈಗ ಸಮಿತಿಯ ಮುಂದೆ ಹೋಗಿ ಏನು ಹೇಳಲಿ? ಎರಡು ತಿಂಗಳು ಅನುಭವಸ್ಥರನ್ನು ನಂಬಿದ ಹುಳಗಳು ಒಂದು ದಿನ ಎದ್ದು ಮನಸ್ಸು ಬದಲಾಯಿಸಿದವು ಅನ್ನಲೇ?

ನಿನ್ನೆ ಒಂದು ವಿಷಯ ಕಣ್ಣಿಗೆ ಬಿತ್ತು. ಹಳೆಯ ಡಬ್ಬಿಯಿಂದ ಗುರುತು ಮಾಡಿದ ಹಳದಿಯವರಲ್ಲಿ ಇನ್ನೂ ಆರು ಮಂದಿ ಬದುಕಿದ್ದಾರೆ. ಅವರು ಕುಣಿದರೆ ಹಿಂದೆ ಮೆರವಣಿಗೆಯೇ ಇರುತ್ತದೆ. ಹೊಸ ಡಬ್ಬಿಯವರು ಕುಣಿದರೆ ಯಾರೂ ಇಲ್ಲ. ಹೊಸ ಹಳದಿ ಬೇಗ ಒಣಗುತ್ತದೆ ಎಂದು ನಾನು ಖುಷಿಪಟ್ಟಿದ್ದೆ.

ಅಪ್ಪ, ಈ ಡಬ್ಬಿಯನ್ನು ಬೇರೆ ಥರ ಕಲಸಿದೆಯಾ? ಏನೇ ಆಗಿದ್ದರೂ ಮುಚ್ಚಿಡದೆ ಬರೆ.

ನಿನ್ನ
ಕಡ್ಡಿ


ಮೇ ೨೦

ಕಡ್ಡಿ,

ಈ ಪತ್ರವನ್ನು ಮೂರು ಸಲ ಬರೆದು ಹರಿದೆ. ಸುತ್ತಿ ಬಳಸದೆ ಹೇಳಿಬಿಡುತ್ತೇನೆ.

ಹಳದಿಗೆ ನಾನು ಎರಡು ಹನಿ ಲವಂಗದ ಎಣ್ಣೆ ಹಾಕುತ್ತೇನೆ. ಹಳದಿಗೆ ಮಾತ್ರ. ಅಂಚಿನ ಗೆರೆ ಎಳೆಯಲು ಹೊತ್ತು ಹಿಡಿಯುತ್ತದೆ, ಅರ್ಧದಲ್ಲಿ ಬಣ್ಣ ಗಟ್ಟಿಯಾಗಬಾರದು. ಎಣ್ಣೆ ಬಿದ್ದರೆ ನಿಧಾನವಾಗಿ ಒಣಗುತ್ತದೆ. ನನ್ನ ಗುರು ಹಾಗೆ ಮಾಡುತ್ತಿದ್ದರು, ನಾನೂ ಹಾಗೆಯೇ ಮಾಡಿದೆ. ಬೇಗ ಒಣಗಬೇಕು ಎಂದು ನೀನು ಬರೆದದ್ದು ನನಗೆ ನೆನಪಿತ್ತು, ಆದರೆ ಕೈಗೆ ನೆನಪಿರಲಿಲ್ಲ. ಹಳದಿ ಡಬ್ಬಿಯ ಮುಚ್ಚಳ ತೆಗೆದರೆ ಅದು ತಾನಾಗಿ ಆ ಬಾಟಲಿಯ ಕಡೆಗೆ ಹೋಗುತ್ತದೆ. ಏಪ್ರಿಲ್‌ನಲ್ಲಿ ಕಲಸುವಾಗಲೂ ಹೋಯಿತು. ಬಾಟಲಿ ಖಾಲಿ. ಅಮ್ಮನ ಹಲ್ಲು ಪೂರ್ತಿ ಕುಡಿದು ಮುಗಿಸಿತ್ತು. ಇವಳಿಗೆ ಹೇಗೂ ಬೇಗ ಒಣಗುವುದೇ ಬೇಕಲ್ಲ ಎಂದು ಹಾಗೇ ಕಳುಹಿಸಿದೆ.

ಹುಳಗಳು ಹೋದದ್ದು ಅನುಭವಸ್ಥರ ಹಿಂದಲ್ಲ, ನನ್ನ ಎಣ್ಣೆಯ ಹಿಂದೆ. ನಿನ್ನ ಮೂರು ವರ್ಷದ ಕೆಲಸದ ಮೇಲೆ ನಾನೇ ಬಣ್ಣ ಚೆಲ್ಲಿದೆ ಮಗಳೇ. ಅಮ್ಮನಿಗೆ ಓದಿ ಹೇಳಿದಾಗ ಅವಳು ಕೆನ್ನೆ ಹಿಡಿದುಕೊಂಡು, “ನನ್ನ ಹಲ್ಲು ಹೋಗಿದ್ದಲ್ದೆ ಮಗಳ ಕೆಲಸಾನೂ ಕಿತ್ಕೊಂಡು ಹೋಯ್ತಾ?” ಎಂದಳು. ಇಬ್ಬರೂ ಬೆಳಗಿನಿಂದ ಅಂಗಡಿ ತೆರೆದಿಲ್ಲ.

ಬೈದಾದರೂ ಒಂದು ಪತ್ರ ಬರೆ.

ಅಪ್ಪ


ಮೇ ೨೪

ಅಪ್ಪ, ಅಮ್ಮ,

ಮೊದಲು ಅಂಗಡಿ ತೆರೆಯಿರಿ!

ಪತ್ರವನ್ನು ಮೆಟ್ಟಿಲ ಮೇಲೆ ನಿಂತು ಓದಿದೆ. ಓದಿ ಮುಗಿಸುವಷ್ಟರಲ್ಲಿ ಕೂತಿದ್ದೆ. ಎದ್ದು ಹೋಗಿ ಹಳೆಯ ಡಬ್ಬಿಯ ಮುಚ್ಚಳ ತೆಗೆದು ಮೂಸಿದೆ. ಹೌದು, ಲವಂಗ! ಎರಡು ತಿಂಗಳು ದಿನಾ ಅದನ್ನು ತೆರೆದವಳು ನಾನು. ಮೇಡಂ ಒಳಗೆ ಬಂದವರೇ ವಾಸನೆ ಹಿಡಿದು ಹಲ್ಲಿನ ಡಾಕ್ಟರ ವಿಷಯ ಕೇಳಿದರು, ಆಗಲೂ ನನಗೆ ಹೊಳೆಯಲಿಲ್ಲ. ಏಕೆಂದರೆ ನನಗೆ ಅದು ಲವಂಗದ ವಾಸನೆಯೇ ಅಲ್ಲ, ಹಳದಿಯ ವಾಸನೆ. ನಡೆಯಲು ಕಲಿಯುವ ಮೊದಲಿನಿಂದ ನಿಮ್ಮ ಅಂಗಡಿಯಲ್ಲಿ ಹಳದಿ ಅಂದರೆ ಹಾಗೇ ಇರುತ್ತಿತ್ತು. ಬೇರೆ ಯಾರ ಮಗಳೂ ಈ ತಪ್ಪು ಮಾಡುತ್ತಿರಲಿಲ್ಲ. ಬಣ್ಣ ಎಂದರೆ ಕಣ್ಣಿಗೆ ಎಂದೇ ಬೆಳೆದವಳು ನಾನು, ಅದಕ್ಕೇ ಮಿಡತೆ ಮಾಸ್ತರ ಮಾತನ್ನು ಅಷ್ಟು ಸುಲಭವಾಗಿ ತಳ್ಳಿಹಾಕಿದೆ. ತಪ್ಪು ನಿನ್ನದಲ್ಲ, ನನ್ನದು.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಹಳೆಯ ಡಬ್ಬಿಯ ತಳದಲ್ಲಿ ಇನ್ನೂ ಐವತ್ತು ಚುಕ್ಕೆಗೆ ಆಗುವಷ್ಟಿದೆ. ಸುಮ್ಮನೆ ಅದನ್ನೇ ಬಳಸಿ, ಹೊಸ ಡಬ್ಬಿಯನ್ನು ಕಿಟಕಿಯಿಂದ ಆಚೆ ಹಾಕಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಪೂರ್ತಿ ಆ ಯೋಚನೆ ನನ್ನ ಪಕ್ಕದಲ್ಲೇ ಕೂತಿತ್ತು. ಆಮೇಲೆ ಹುಳಗಳನ್ನು ನೋಡಿದೆ. ಅವು ನನಗೆ ಸುಳ್ಳು ಹೇಳಿರಲಿಲ್ಲ. ಎದ್ದು ಮೇಡಂ ಕೋಣೆಗೆ ಹೋಗಿ ನಿನ್ನ ಪತ್ರವನ್ನೇ ಅವರ ಮುಂದೆ ಇಟ್ಟೆ.

ಓದಿದರು. ಕನ್ನಡಕ ತೆಗೆದರು. ಒರೆಸಿದರು. “ಸಮಿತಿಗೆ ಇನ್ನೂ ಇಪ್ಪತ್ತೇಳು ದಿನ ಇದೆ. ಲವಂಗ ಯಾಕೆ ಅಂತ ಅವನ್ನೇ ಕೇಳೋದು ಬಿಟ್ಟು ಇಲ್ಲಿ ಯಾಕೆ ನಿಂತಿದೀಯ?” ಎಂದರು.

ಅದೇ ಅಲ್ಲವೇ ಪ್ರಶ್ನೆ! ಜೇನಿಗೆ ಲವಂಗವೆಂದರೆ ಹುಟ್ಟುತ್ತಲೇ ಪ್ರೀತಿ ಇರಲು ಸಾಧ್ಯವಿಲ್ಲ. ಹಾಗಾದರೆ ಅವು ಅದನ್ನು ಎಲ್ಲಿ ಕಲಿತವು? ಮಿಡತೆ ಮಾಸ್ತರು ಹುಳದ ಮಿದುಳಿನ ಒಳಗನ್ನು ತೋರಿಸುವ ತಮ್ಮ ಕ್ಯಾಮೆರಾ ಕೊಡುತ್ತೇನೆ ಎಂದಿದ್ದಾರೆ. ಲವಂಗದ ಸುಳಿವನ್ನೇ ಕಾಣದ ಒಂದು ಹೊಸ ಗೂಡು ನಾಳೆ ಬರುತ್ತದೆ. ಅಪ್ಪ, ಎರಡೂ ಬಣ್ಣ, ಎಣ್ಣೆ ಹಾಕಿದ್ದೊಂದು ಹಾಕದ್ದೊಂದು, ಒಟ್ಟು ನಾಲ್ಕು ಡಬ್ಬಿ ಕಲಸಿ ಕಳುಹಿಸು. ಡಬ್ಬಿಯ ಮೇಲೆ ಬರೆ, ಈ ಸಲ ಕೈಗೂ ಹೇಳು.

ನಿಮ್ಮ
ಕಡ್ಡಿ


ಮೇ ೨೮

ಪ್ರಯೋಗಾಲಯದ ಮುಖ್ಯಸ್ಥರಿಗೆ ಬೋರ್ಡು ಬರೆಯುವವನ ನಮಸ್ಕಾರಗಳು.

ನಾನು ನಿಮ್ಮಲ್ಲಿ ಜೇನುಗಳ ಕೆಲಸ ಮಾಡುವ ಹುಡುಗಿಯ ತಂದೆ. ಈ ಪತ್ರ ಬರೆಯುತ್ತಿರುವುದು ಅವಳಿಗೆ ಗೊತ್ತಿಲ್ಲ. ಗೊತ್ತಾದರೆ ನನಗೆ ಉಳಿಗಾಲವಿಲ್ಲ.

ತಪ್ಪು ನನ್ನದು. ಹಳದಿಗೆ ಎಣ್ಣೆ ಬೆರೆಸಿದ್ದು ನಾನು, ಎಣ್ಣೆ ಮುಗಿಸಿದ್ದು ನನ್ನ ಹೆಂಡತಿಯ ದವಡೆ ಹಲ್ಲು. ಹಲ್ಲು ಈಗ ಇಲ್ಲವಾದ್ದರಿಂದ ಶಿಕ್ಷೆ ಏನಿದ್ದರೂ ನನಗೆ ಸಲ್ಲಬೇಕು, ಮಗಳಿಗಲ್ಲ.

ಅಪ್ಪ ಮಗಳ ಪರ ಮಾತಾಡದೆ ಇನ್ಯಾರ ಪರ ಮಾತಾಡುತ್ತಾನೆ ಎಂದು ಇದನ್ನು ಬದಿಗಿಡಬೇಡಿ. ನನ್ನ ಕಸುಬಿನ ಒಂದು ಮಾತಿದೆ. ಬೋರ್ಡು ಇರುವುದು ಬರೆಯುವವನಿಗಾಗಿ ಅಲ್ಲ, ಓದುವವರಿಗಾಗಿ. ನಾವು ಕಣ್ಣಿಂದ ಓದುತ್ತೇವೆ. ಕತ್ತಲಲ್ಲಿ ಬದುಕುವವರು ಬೇರೆ ಯಾವುದರಿಂದಲೋ ಓದುತ್ತಾರೆ. ನನಗೆ ತಿಳಿಯದೆ ನಾನು ಅವುಗಳ ಲಿಪಿಯಲ್ಲಿ ಬರೆದೆ, ಅವು ಓದಿದವು. ಅದನ್ನು ಕಂಡು, ಮುಚ್ಚಿಡದೆ ನಿಮ್ಮ ಮುಂದೆ ತಂದಿಟ್ಟವಳು ಕೆಲಸ ಕಳೆದುಕೊಂಡರೆ, ನಲವತ್ತೊಂದು ವರ್ಷ ನಾನು ನೆಟ್ಟಗೆ ಗೆರೆ ಎಳೆದದ್ದು ವ್ಯರ್ಥ.

ನಿಮ್ಮ ಪ್ರಯೋಗಾಲಯಕ್ಕೆ ಒಳ್ಳೆಯ ಬೋರ್ಡು ಇಲ್ಲವೆಂದು ಮಗಳು ಒಮ್ಮೆ ಹೇಳಿದ್ದಳು. ಬೇಕಾದರೆ ಬರೆದುಕೊಡುತ್ತೇನೆ. ಇದು ಲಂಚವಲ್ಲ. ತೀರ್ಪು ಬಂದ ಮೇಲೆಯೇ ಬರೆಯುತ್ತೇನೆ.

ಇತಿ ನಮಸ್ಕಾರಗಳೊಂದಿಗೆ,
ಕಡ್ಡಿಯ ತಂದೆ


ಜೂನ್ ೨೧

ಅಪ್ಪ, ಅಮ್ಮ,

ನಿನ್ನೆಯದನ್ನು ನಡೆದ ಹಾಗೇ ಬರೆಯುತ್ತೇನೆ. ಕೊನೆಯ ಸಾಲಿಗೆ ಹಾರಬೇಡಿ. ಅಮ್ಮ, ನಿನಗೇ ಹೇಳುತ್ತಿರುವುದು.

ಉದ್ದನೆಯ ಮೇಜು, ಐದು ಕುರ್ಚಿ. ನಡುವಿನ ಕುರ್ಚಿಯಲ್ಲಿ ಜೀರುಂಡೆಗಳ ಮೇಲೆ ಐವತ್ತು ವರ್ಷ ಕೆಲಸ ಮಾಡಿದ ಹಿರಿಯ ಪ್ರೊಫೆಸರ್. ಅವರು ನಕ್ಕಿದ್ದನ್ನು ಕಂಡವರು ಯಾರೂ ಈ ಕಟ್ಟಡದಲ್ಲಿ ಉಳಿದಿಲ್ಲವಂತೆ. ನಾನು ನಿಂತವಳೇ “ಮಾರ್ಚ್‌ನಲ್ಲಿ ನಿಮಗೆ ಕಳಿಸಿದ ಫಲಿತಾಂಶ ತಪ್ಪು” ಎಂದೆ. ಒಬ್ಬರ ಪೆನ್ನು ಕೆಳಗೆ ಬಿತ್ತು. ಬಣ್ಣ, ಎಣ್ಣೆ, ಅಮ್ಮನ ಹಲ್ಲು, ಎಲ್ಲವನ್ನೂ ಹೇಳಿದೆ. ಪ್ರೊಫೆಸರ್ ಮುಖ ಗಂಟು ಹಾಕಿಕೊಂಡು “ಹಾಗಾದ್ರೆ ಇಲ್ಲಿಗೆ ಯಾಕೆ ಬಂದ್ರಿ?” ಎಂದರು.

ಹೊಸ ಗೂಡಿನ ಕಥೆ ಶುರು ಮಾಡಿದೆ. ಲವಂಗವನ್ನೇ ಕಾಣದ ಗೂಡಿನಲ್ಲಿ ಮೊದಲ ಎರಡು ದಿನ ನಿನ್ನ ನಾಲ್ಕು ಡಬ್ಬಿಗಳಿಗೂ ಒಂದೇ ಮರ್ಯಾದೆ. ಎಣ್ಣೆಯ ಚುಕ್ಕೆ ಇಟ್ಟವರನ್ನು ನಾನು ಗಟ್ಟಿ ಸಕ್ಕರೆ ನೀರಿಗೆ ಕಳುಹಿಸಿದೆ, ಉಳಿದವರನ್ನು ತೆಳು ನೀರಿಗೆ. ಕುಣಿದು ಮುಗಿದ ಹುಳ ಹಿಂದೆ ಬಂದವರ ಬಾಯಿಗೆ ಒಂದು ಹನಿ ಹಂಚುತ್ತದೆ. ಒಳ್ಳೆಯ ಸಿಹಿ ಸಿಕ್ಕಾಗಲೆಲ್ಲ ಮೂಗಿಗೆ ಲವಂಗ. ಮೂರನೆಯ ದಿನ ತಕ್ಕಡಿ ವಾಲಿತು. ಎಂಟನೆಯ ದಿನ ಎಣ್ಣೆಯ ಚುಕ್ಕೆಯವರ ಹಿಂದೆ ಮೆರವಣಿಗೆ. ಚುಕ್ಕೆ ನೀಲಿಯಾದರೂ ಸರಿ, ಹಳದಿಯಾದರೂ ಸರಿ, ಹುಳ ಅನುಭವಸ್ಥರ ಸಾಲಿನದಾದರೂ ಸರಿ, ನಿನ್ನೆ ಹೊರಟದ್ದಾದರೂ ಸರಿ. ಇನ್ನೊಂದು ಗೂಡಿನಲ್ಲಿ ಎಣ್ಣೆಯವರನ್ನು ತೆಳು ನೀರಿಗೆ ಕಳುಹಿಸಿದೆ. ಅಲ್ಲಿ ಅವರನ್ನು ಕೇಳುವವರೇ ಇಲ್ಲ. ನಮ್ಮ ಹಳೆಯ ಗೂಡಿನಲ್ಲೂ ಆದದ್ದು ಇದೇ: ಒಳ್ಳೆಯ ಸಿಹಿ ತರುತ್ತಿದ್ದ ಪಳಗಿದವರ ಬೆನ್ನಿಗೇ ನಿನ್ನ ಎಣ್ಣೆ ಇತ್ತು. ಯಾರನ್ನು ನಂಬಬೇಕು ಎಂದು ಅವು ಹುಟ್ಟಿನಿಂದ ತಿಳಿದಿರುವುದಿಲ್ಲ ಅಪ್ಪ, ಕಲಿಯುತ್ತವೆ. ಆ ಕತ್ತಲಲ್ಲಿ, ಎರಡೇ ದಿನದಲ್ಲಿ. ಮಿಡತೆ ಮಾಸ್ತರ ಕ್ಯಾಮೆರಾದಲ್ಲಿ ಮಿದುಳಿನ ನರಕೋಶಗಳು ಬೆಳಗುವುದನ್ನೂ ತೋರಿಸಿದೆ. ಕಲಿಯದ ಹುಳಕ್ಕೆ ಲವಂಗ ಊದಿದರೆ ಮೂಲೆಯಲ್ಲಿ ಒಂದಿಷ್ಟು ಮಿಣಮಿಣ. ಕಲಿತ ಹುಳಕ್ಕೆ ಊದಿದರೆ ನೆನಪಿನ ಭಾಗದಲ್ಲೂ ದೀಪ ಹತ್ತುತ್ತದೆ.

ಪ್ರೊಫೆಸರ್ “ಚಿತ್ರ ಯಾರು ಬೇಕಾದ್ರೂ ತೋರಿಸ್ತಾರೆ. ಹುಳ ತೋರಿಸಿ” ಎಂದರು.

ತಂದಿದ್ದೆ. ಸಣ್ಣ ಕೊಳವೆಯೊಳಗೆ ಕುತ್ತಿಗೆವರೆಗೆ ಕೂತ ಒಂದು ಹುಳ. ಅದು ಗೂಡಿನಿಂದ ಆಚೆಗೆ ಒಮ್ಮೆಯೂ ಹೋಗಿಲ್ಲ. ಎಣ್ಣೆಯ ಚುಕ್ಕೆಯವರ ಹಿಂದೆ ಸುತ್ತಿ ಅವರ ಬಾಯಿಂದ ಹನಿ ಪಡೆದಿದೆ, ಅಷ್ಟೇ. ಕಲಿತಿದ್ದರೆ ಬರೀ ವಾಸನೆಗೇ ಊಟ ಬಂತೆಂದು ನಾಲಿಗೆ ಚಾಚಬೇಕು. ಲವಂಗದ ಗಾಳಿ ಊದಿದೆ. ಹುಳ ಎಡ ಮೀಸೆ ಒರೆಸಿಕೊಂಡಿತು. ಆಮೇಲೆ ಬಲ ಮೀಸೆ. ಯಾರೋ ಕೆಮ್ಮಿದರು. ನನ್ನ ಮೂರು ವರ್ಷ, ಮುಂದಿನ ಮೂರು ವರ್ಷ, ಎಲ್ಲ ಅದರ ಬಾಯಲ್ಲಿ ಸಿಕ್ಕಿಹಾಕಿಕೊಂಡಿತ್ತು. ಇನ್ನೊಂದು ಸಲ ಊದಿದೆ, ಉಸಿರು ಬಿಡುತ್ತ.

ಚಾಚಿತು! ಇಷ್ಟುದ್ದ, ಕಂದು ಬಣ್ಣದ, ಹೊಳೆಯುವ ನಾಲಿಗೆ. ಆ ಐದು ಮಂದಿ ಹಿರಿಯರ ಕಡೆಗೆ ತಿರುಗಿ ನೆಟ್ಟಗೆ.

ಪ್ರೊಫೆಸರ್ ಕುರ್ಚಿ ಬಿಟ್ಟು ಎದ್ದು ಬಂದು ಬಗ್ಗಿ ನಿಂತರು. “ಇನ್ನೊಂದ್ಸಲ” ಎಂದರು. ಚಾಚಿತು. “ಇನ್ನೊಂದ್ಸಲ.” ಚಾಚಿತು. ಲವಂಗವನ್ನು ಇನ್ನೂ ಕಾಣದ ಬೇರೊಂದು ಗೂಡಿನ ಹುಳ ತರಿಸಿ ತಾವೇ ಊದಿದರು, ಅದು ಮುಖ ಕೂಡ ತಿರುಗಿಸಲಿಲ್ಲ. ಮತ್ತೆ ನಮ್ಮದಕ್ಕೆ ಊದಿದರು. ಚಾಚಿತು. ಐದನೆಯ ಸಲಕ್ಕೆ ಅವರು ನಕ್ಕುಬಿಟ್ಟರು, ಹೊಟ್ಟೆ ಹಿಡಿದುಕೊಂಡು.

ಆಗ ಮೇಡಂ ಎದ್ದು “ಒಂದು ಸಾಕ್ಷಿ ಬಾಕಿ ಇದೆ” ಎಂದು ಜೇಬಿನಿಂದ ಕಾಗದ ತೆಗೆದು ಓದಲು ಶುರು ಮಾಡಿದರು. ಅಕ್ಷರ ದೂರದಿಂದಲೇ ಗುರುತು ಸಿಕ್ಕಿತು. ಅಪ್ಪ, ನಿನ್ನನ್ನು ಏನು ಮಾಡಬೇಕು ಹೇಳು! ದವಡೆ ಹಲ್ಲಿನ ಸಾಲಿಗೆ ಎಲ್ಲರೂ ನಕ್ಕರು. ಕತ್ತಲಲ್ಲಿ ಓದುವವರ ಸಾಲಿಗೆ ಯಾರೂ ನಗಲಿಲ್ಲ. ಪ್ರೊಫೆಸರ್ “ಅದನ್ನ ಇನ್ನೊಮ್ಮೆ ಓದಿ” ಎಂದರು. ನಾನು ಕಿಟಕಿಯ ಕಡೆ ತಿರುಗಿ ನಿಂತು ಅತ್ತೆ, ಬಚ್ಚಿಡುವುದೇನು.

ಮೂರು ವರ್ಷ ಕೊಟ್ಟಿದ್ದಾರೆ. ಎರಡನೆಯ ಗೂಡನ್ನೂ ನನ್ನ ಹೆಸರಿಗೇ ಕೊಟ್ಟಿದ್ದಾರೆ.

ನಿಮ್ಮ
ಕಡ್ಡಿ


ನವೆಂಬರ್ ೩

ಕಡ್ಡಿ,

ನೀನು ಬರೆದದ್ದು ಅಚ್ಚಾಗಿ ಬಂದ ಪತ್ರಿಕೆ ಇವತ್ತು ಬೆಳಿಗ್ಗೆ ಬಂತು. ಹನ್ನೊಂದು ಪುಟದಲ್ಲಿ ನನಗೆ ಅರ್ಥವಾದದ್ದು ಚಿತ್ರಗಳು ಮಾತ್ರ. ಅಮ್ಮ ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲಿನ ಕೆಳಗೆ ಅಡಿಪಟ್ಟಿ ಇಟ್ಟು ಓದುತ್ತ ಹೋದಳು. ನಾಲ್ಕನೆಯ ಪುಟಕ್ಕೆ ಬಂದವಳು ಅಲ್ಲೇ ನಿಂತಳು. “ಇಲ್ಲಿ ಬನ್ನಿ” ಎಂದಳು. ನನಗೆ ಕೇಳಿಸಲಿಲ್ಲ. ಬಂದು ತೋಳು ಹಿಡಿದು ಎಳೆದುಕೊಂಡು ಹೋದಳು.

ಪ್ರಯೋಗ ಹೇಗೆ ಮಾಡಿದೆ ಎಂದು ಹೇಳುವ ಕಡೆ, ಗುರುತಿನ ಬಣ್ಣಗಳನ್ನು ಕಲಸಿದವರು ಇಂಥವರು, ಬೋರ್ಡು ಬರೆಯುವವರು, ಎಂದು ನನ್ನ ಹೆಸರು ಹಾಕಿದ್ದೀಯ. ಇದನ್ನು ನನಗೆ ಮೊದಲೇ ಹೇಳಿರಲಿಲ್ಲ.

ನಲವತ್ತೊಂದು ವರ್ಷದಲ್ಲಿ ಈ ಬೀದಿಯ ಎಲ್ಲರ ಹೆಸರನ್ನೂ ನಾನು ಬರೆದಿದ್ದೇನೆ. ಆಳೆತ್ತರ ಬರೆದಿದ್ದೇನೆ, ನೆರಳು ಕೊಟ್ಟು, ಅಂಚು ಕಟ್ಟಿ ಬರೆದಿದ್ದೇನೆ. ನನ್ನ ಹೆಸರನ್ನು ಇನ್ನೊಬ್ಬರು ಬರೆದದ್ದು ಇದೇ ಮೊದಲು. ಬರೆದವಳು ನೀನು.

ಕೆಲಸದ ದೃಷ್ಟಿಯಿಂದ ಹೇಳುವುದಾದರೆ ಅಕ್ಷರ ತೀರಾ ಸಣ್ಣದಾಯಿತು. ಬೆರಳಿಟ್ಟರೆ ಪೂರ್ತಿ ಮುಚ್ಚಿಹೋಗುತ್ತದೆ. ಬೆರಳಿಟ್ಟೆ. ತೆಗೆದು ನೋಡಿದೆ. ಅಲ್ಲೇ ಇತ್ತು.

ನಿನ್ನ
ಅಪ್ಪ